ಹಿಮದ ಮೇಲಿನ ಹಲಗೆ

ಆಗದ ಮಾತು ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಅವ್ವನ ಅಣ್ಣ. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಹದಿನಾಲ್ಕು ಜನ ಹಮಾಲರ ಟೋಳಿಗೆ ಮುಕಾದಮ. ಯಾವ ಲಾರಿಗೆ ಯಾರು ಹತ್ತಬೇಕು, ಇವತ್ತು ಯಾರಿಗೆ ಹಗುರ ಕೆಲಸ, ಚಹಾಕ್ಕೆ ಯಾವಾಗ ಏಳಬೇಕು ಎಂದು ಹೇಳುವವನು ಅವನೇ. ನನ್ನ ಅಪ್ಪನೂ ಅದೇ ಟೋಳಿಯವನು. ನಾನೂ ಹೊರಗಿನವನಾಗಿರಲಿಲ್ಲ. ಪಿಯುಸಿಯಿಂದ ಬಿ.ಎ. ಮುಗಿಯುವವರೆಗೆ ಕಾಲೇಜಿನ ಪ್ರತಿ ಸೂಟಿಯಲ್ಲಿ ಅಲ್ಲಿಯೇ ಚೀಲ ಹೊತ್ತವನು.

ಅಂದು ಚಹಾದ ಹೊತ್ತಿಗೆ ಹೋಗಿ ಅವನ ಮುಂದೆ ನಿಂತು ಹೇಳಿದೆ.

“ಮಾವ, ಹಿಮಾಚಲಕ್ಕ ಹೊಂಟೇನಿ. ಹದಿನೈದು ದಿನ. ಅಲ್ಲೆ ಸ್ಕೀಯಿಂಗ್ ಕಲಸ್ತಾರ.”

“ಅಂದ್ರ ಏನಲೇ ಅದು?”

“ಕಾಲಿಗೆ ಎರಡು ಹಲಗಿ ಕಟಗೊಂಡು ಬರಫದ ಗುಡ್ಡದ ಮ್ಯಾಲಿಂದ ಕೆಳಗ ಜಾರೂದು.”

ಮಾವ ಬಸಿಯಲ್ಲಿದ್ದ ಚಹಾ ಪೂರ್ತಿ ಸೊರ್ರೆಂದು ಕುಡಿದ. ಆಮೇಲೆ ಟೋಳಿಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ: “ಕೇಳ್ರೆಪಾ. ನಾವೆಲ್ಲಾ ಹುಟ್ಟಾ ಲಾರಿ ಹಲಗಿ ಮ್ಯಾಲಿಂದ ಜಾರಬಾರದು ಅಂತ ಬಡಕೊಂಡ್ವಿ. ಇಂವ ಜಾರೂದು ಕಲಿಯಾಕ ರೈಲ ಹತ್ತಿ ಹೊಂಟಾನ. ನಮ್ಮ ಮನಿತಾನದಾಗ ಜಾರಿದಾವರೆಲ್ಲಾ ದವಾಖಾನ್ಯಾಗ ಮಕ್ಕೊಂಡಾರ, ಸರ್ಟಿಫಿಕೇಟ್ ಯಾರಿಗೂ ಕೊಟ್ಟಿಲ್ಲ.”

ಹದಿನಾಲ್ಕು ಜನರೂ ನಕ್ಕರು. ಅಪ್ಪನೂ ನಕ್ಕ. ನನಗೂ ನಗು ಬಂತು, ಆದರೆ ತುಟಿ ಬಿಗಿ ಹಿಡಿದುಕೊಂಡೆ.

“ನಿನ್ನ ಕೈಲೆ ಆಗೂದಿಲ್ಲ ಅದು,” ಎಂದ ಮಾವ, ಈ ಸಲ ನಗದೆ. “ಬರಫ ಕಂಡ ಮಂದಿ ಆಡೂ ಆಟ ಅದು. ನೀ ಬರಫ ಕಂಡದ್ದು ಕಬ್ಬಿನ ಹಾಲಿನ ಗಾಡ್ಯಾಗ.”

ಅಷ್ಟು ಹೇಳಿ ಅಂಗಿಯ ಜೇಬಿನಿಂದ ಅಪ್ಪನ ಬಿಲ್ಲೆ ತೆಗೆದು ತೋರಿಸಿದ. ಮಾರುಕಟ್ಟೆಯಲ್ಲಿ ಹೊರೆ ಹೊರಲು ಈ ಬಿಲ್ಲೆ ಬೇಕು. ಹಿತ್ತಾಳೆಯದು, ಅಂಗೈಯ ಅರ್ಧದಷ್ಟು, ಮೇಲೆ ಸವೆದ ಒಂದು ನಂಬರು. ಅಪ್ಪನ ಬಲ ಮೊಳಕಾಲು ಆ ವರ್ಷ ಕೈಕೊಟ್ಟಿತ್ತು. ಚೀಲ ಹೊರುವುದನ್ನು ಬಿಟ್ಟು ಸೂಜಿ ದಾರ ಹಿಡಿದು ಹರಿದ ಚೀಲ ಹೊಲಿಯುತ್ತ ಕೂತಿದ್ದ. ಟೋಳಿಯ ಪದ್ಧತಿ ಏನೆಂದರೆ ಅಪ್ಪ ಬಿಟ್ಟ ಬಿಲ್ಲೆ ಮಗನಿಗೆ. ಮಗ ಬೇಡ ಅಂದರೆ ಅದು ಸಂಘಕ್ಕೆ ವಾಪಸು, ಆಮೇಲೆ ಆ ಜಾಗ ಬೇರೆಯವರದ್ದು. ಮಾವ ಅದನ್ನು ನನಗಾಗಿ ತಡೆದು ಇಟ್ಟುಕೊಂಡಿದ್ದ.

“ಶಿವರಾತ್ರಿ ತನಕ ಇಟಗೊಂಡಿರ್ತೇನಿ. ಸರ್ಟಿಫಿಕೇಟ್ ತಂದ್ರ ನೀ ಸಾಲಿ ಮಾಸ್ತರ ಆಗಾಂವ. ಬರಿಗೈಲೆ ಬಂದ್ರ ಮರುದಿನ ಮುಂಜಾನಿ ಈ ಬಿಲ್ಲಿ ಕಟಗೊಂಡು ನನ್ನ ಮುಂದ ನಿಂದ್ರಬೇಕು. ಕಬೂಲೇನು?”

“ಕಬೂಲ್ ಮಾವ.”

ನಾನು ನಮ್ಮ ಮನೆತನದ ಮೊದಲ ಪದವೀಧರ. ಆಗ ಬಿ.ಎ. ಮುಗಿದು ಎಂಟು ತಿಂಗಳಾಗಿತ್ತು. ಪದವಿ ಬಂತು ಎಂದು ಅವ್ವ ಓಣಿಗೆಲ್ಲ ಫೇಡೆ ಹಂಚಿದ್ದಳು. ಆ ಫೇಡೆ ತಿಂದವರೇ ಎಂಟು ತಿಂಗಳಲ್ಲಿ “ಏನ್ ಮಾಡಾಕತ್ಯೋ?” ಎಂದು ಕೇಳಲು ಶುರುಮಾಡಿದ್ದರು. ನನಗೆ ದೈಹಿಕ ಶಿಕ್ಷಕನಾಗುವ ಆಸೆ. ಅದಕ್ಕೆ ಧಾರವಾಡದಲ್ಲಿ ಬಿ.ಪಿ.ಎಡ್. ಸೇರಬೇಕು. ನನ್ನ ಅಂಕ ಅಂಚಿನಲ್ಲಿದ್ದವು. ಓಟದಲ್ಲಿ ಗೆದ್ದ ಕಪ್ಪು ಒಂದೂ ಇರಲಿಲ್ಲ, ಏಕೆಂದರೆ ಪಂದ್ಯಗಳು ನಡೆಯುವುದು ಸೂಟಿಯಲ್ಲಿ, ಸೂಟಿಯಲ್ಲಿ ನಾನಿರುವುದು ಹಲಗೆಯ ಮೇಲೆ. ನಮ್ಮ ಕಾಲೇಜಿನ ದೈಹಿಕ ನಿರ್ದೇಶಕರು, ನಾವು ಪಿ.ಡಿ. ಸರ್ ಅನ್ನುತ್ತಿದ್ದೆವು, ಒಂದು ದಿನ ಕರೆದು ಹೇಳಿದರು: “ಪರ್ವತದ ಕಡೆ ಒಂದು ತರಬೇತಿ ಐತಿ. ಒಂದು ಸೀಟು, ಖರ್ಚು ಅವರದ್ದ. ಗ್ರೇಡ್ ಹಾಕಿದ ಸರ್ಟಿಫಿಕೇಟ್ ತಂದ್ರ ನಿನ್ನ ಅರ್ಜಿ ಮ್ಯಾಲೆ ಬರ್ತೈತಿ. ಆದ್ರ ಗ್ರೇಡ್ ಬೇಕು ಮತ್ತ. ಬರೇ ಹೋಗಿ ಬಂದೆ ಅನ್ನೂ ಚೀಟಿ ನಡಿಯೂದಿಲ್ಲ.”

ಹೀಗಾಗಿ ಆ ಹದಿನೈದು ದಿನದಲ್ಲಿ ಒಂದು ಕಡೆ ಒಂದು ಕಾಗದ, ಇನ್ನೊಂದು ಕಡೆ ಒಂದು ಬಿಲ್ಲೆ. ಬಿಲ್ಲೆಯ ಬಗ್ಗೆ ನನಗೆ ನಾಚಿಕೆ ಅಂದೂ ಇರಲಿಲ್ಲ, ಇಂದೂ ಇಲ್ಲ. ನನ್ನ ಪುಸ್ತಕ, ಫೀ, ಬೂಟು ಎಲ್ಲ ಅದರಿಂದಲೇ ಬಂದದ್ದು. ಆದರೆ ಅಪ್ಪನ ಮೊಳಕಾಲನ್ನು ದಿನಾ ನೋಡುತ್ತಿದ್ದೆ.

ಹೊರಡುವ ದಿನ ಅವ್ವ ಕಟ್ಟಿಕೊಟ್ಟ ಗಂಟು ನೋಡಿದರೆ ಯಾರಾದರೂ ನಾನು ಮದುವೆಯಾಗಿ ಬೇರೆ ಸಂಸಾರ ಹೂಡಲು ಹೊರಟಿದ್ದೇನೆ ಅನ್ನಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅದರ ಮೇಲೆ ಅಜ್ಜಿ ಹೊಲಿದ ಕೌದಿ. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಆ ಕೌದಿಯ ಭಾರ ಒಂದು ಆಡಿನ ಮರಿಯಷ್ಟು.

“ಅಲ್ಲೆ ಹೊದಿಯಾಕ ಎಲ್ಲಾ ಕೊಡ್ತಾರ ಬೇ.”

“ಅವರು ಕೊಡೂದು ಅವರ ಥಂಡಿಗೆ. ಇದು ನಿನಗ.”

ಅವ್ವನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಮಾವ ಸ್ಟೇಷನ್ನಿಗೆ ಬಂದ. ರೈಲು ಅಲುಗಾಡುವಾಗ ಕಿಟಕಿಯ ಹತ್ತಿರ ಬಂದು ಒಂದೇ ಮಾತು ಹೇಳಿದ: “ಅದೇನೋ ರಾಜಧಾನಿ ಐತೆಲ್ಲ ಅಲ್ಲೆ, ಅಲ್ಲೆ ಹಮಾಲರು ಹೆಂಗ ಹೊರ್ತಾರ ನೋಡ್ಕೊಂಡ ಬಾ.”

ದಿಲ್ಲಿಯವರೆಗೆ ದೊಡ್ಡ ರೈಲು, ಕಾಲ್ಕಾದಿಂದ ಮೇಲಕ್ಕೆ ಆಟಿಕೆಯಂಥ ಸಣ್ಣ ರೈಲು. ಒಂದು ಗುಡ್ಡ ಸುತ್ತಿ, ಸುರಂಗ ಹೊಕ್ಕು, ಹೊರಗೆ ಬಂದರೆ ಆಗಷ್ಟೇ ಬಿಟ್ಟ ಸ್ಟೇಷನ್ನು ಕಾಲ ಕೆಳಗೆ ಕಾಣುತ್ತಿತ್ತು. ನಾನು ಅದುವರೆಗೆ ಕಂಡ ಅತಿ ಎತ್ತರದ ಜಾಗ ನೃಪತುಂಗ ಬೆಟ್ಟ. ಅದರ ಮೇಲೆ ನಿಂತು ಹುಬ್ಬಳ್ಳಿಯ ದೀಪ ನೋಡಿ ಜಗತ್ತು ಇಷ್ಟು ದೊಡ್ಡದೇ ಅಂದುಕೊಂಡವನು.

ಶಿಮ್ಲಾ ನೋಡಿ ನನಗೆ ಮೊದಲು ಅನ್ನಿಸಿದ್ದು, ಇದೇನಾ ರಾಜಧಾನಿ? ಒಂದು ಗುಡ್ಡದ ಏಣಿನ ಮೇಲೆ ಒಂದು ಬೀದಿ. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಒಬ್ಬರ ಮನೆಯ ಅಂಗಳ ಇನ್ನೊಬ್ಬರ ಮನೆಯ ಮಾಳಿಗೆ. ಮೇಲಿನ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರೆ ನಮ್ಮ ದುರ್ಗದಬೈಲಿನಿಂದ ಸ್ಟೇಷನ್ನಿಗೆ ಹೋದಷ್ಟೂ ಇಲ್ಲ. ಮಂತ್ರಿಗಳು, ಕಚೇರಿಗಳು, ಸ್ವೆಟರ್ ಮಾರುವವರು, ಕೋತಿಗಳು, ಎಲ್ಲ ಅಷ್ಟರೊಳಗೇ. ಆದರೆ ಅಂದು ಬಸ್ಸಿನ ಗಡಿಬಿಡಿ. ಹಮಾಲರನ್ನು ನೋಡುವುದಾಗಲಿಲ್ಲ. ಅಲ್ಲಿಂದ ಮೂರು ತಾಸು ಮೇಲೆ ನಾರ್ಕಂಡಾ ಎಂಬ ಸಣ್ಣ ಊರು. ರಸ್ತೆಯ ಎರಡೂ ಬದಿ ಎಲೆ ಉದುರಿದ ಸೇಬಿನ ಗಿಡಗಳು. ಕಪ್ಪು ಕಲ್ಲುಚಪ್ಪಡಿಯ ಸೂರು, ಕೆಳಗೆ ದನ, ಮೇಲೆ ಜನ, ಸೂರಿನಿಂದ ಕಟ್ಟಿಗೆಯ ಹೊಗೆ. ಎಲ್ಲದರ ಮೇಲೆ ಹಿಮ.

ಹಿಮ ಬಿಳಿ ಎಂದು ಓದಿದ್ದೆ. ಅಷ್ಟು ಸುಮ್ಮನಿರುತ್ತದೆ ಎಂದು ಯಾರೂ ಬರೆದಿರಲಿಲ್ಲ. ಲಾರಿ, ಲಿಲಾವು, ಬೈಗುಳಗಳ ನಡುವೆ ಬೆಳೆದ ಕಿವಿಗೆ ಅಲ್ಲಿ ಮೊದಲ ದಿನ ಕೆಲಸವೇ ಇರಲಿಲ್ಲ.

ತರಬೇತಿಗೆ ಬಂದವರು ಇಪ್ಪತ್ತು ಜನ. ನಮಗೆ ಕಲಿಸಿದವರು ಅದೇ ಸೀಮೆಯವರು. ಬೇಸಿಗೆಯಲ್ಲಿ ಸೇಬಿನ ತೋಟ, ಚಳಿಗಾಲದಲ್ಲಿ ಈ ಕೆಲಸ. ಅವರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಅವರ ಮಾತೆಲ್ಲ ಹಿಂದಿಯಲ್ಲಿ. ನನ್ನದು ಮಾರುಕಟ್ಟೆಯ ಗ್ಯಾರೇಜಿನ ಗೆಳೆಯರಿಂದ ಕಲಿತ ಹುಬ್ಬಳ್ಳಿ ಹಿಂದಿ. ನಾನು ಬಾಯಿ ಬಿಟ್ಟರೆ ಪಂಜಾಬಿನಿಂದ ಬಂದ ಹುಡುಗನೊಬ್ಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎರಡನೆಯ ದಿನ ಅವನಿಗೆ ಶೇಂಗಾ ಹಿಂಡಿ ತಿನ್ನಿಸಿದೆ. ಆಮೇಲೆ ನಗು ಕಡಿಮೆಯಾಗಿ ಹಿಂಡಿ ಬೇಗ ಖಾಲಿಯಾಯಿತು.

ಮೊದಲ ದಿನವೇ ಒಂದು ಪೇಚಿಗೆ ಸಿಕ್ಕಿದೆ. ಉಸ್ತಾದ್ ಹಿಮದ ಮೇಲೆ ಎರಡು ಸ್ಕೀ ಇಟ್ಟು, ಬೂಟಿನ ತುದಿ ಸಿಕ್ಕಿಸಿ ಹಿಮ್ಮಡಿಯಿಂದ ಜೋರಾಗಿ ತುಳಿಯಿರಿ, ಟಕ್ ಎಂದು ಕಚ್ಚಿಕೊಳ್ಳುತ್ತದೆ ಎಂದರು. ಎಲ್ಲರೂ ತುಳಿದರು. ಎಲ್ಲ ಕಡೆ ಟಕ್, ಟಕ್. ನನಗೆ ಕಾಲೇ ಬರಲಿಲ್ಲ.

ನಮ್ಮಲ್ಲಿ ಹಲಗೆ ಅಂದರೆ ಹಾಗಲ್ಲ. ಲಾರಿಗೂ ನೆಲಕ್ಕೂ ನಡುವೆ ಹಾಕುವ ಆ ಒಂದಡಿ ಅಗಲದ ಮರವೇ ಹದಿನಾಲ್ಕು ಮನೆಗಳನ್ನು ಹೊರುತ್ತದೆ. ಮುಂಜಾನೆಯ ಮೊದಲ ಚೀಲಕ್ಕೆ ಮುಂಚೆ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಚಪ್ಪಲಿ ಕಾಲಲ್ಲಿ ಯಾರೂ ತುಳಿಯುವುದಿಲ್ಲ. ಎಷ್ಟು ದೊಡ್ಡ ವ್ಯಾಪಾರಿ ಆದರೂ ಬೂಟು ಹಾಕಿಕೊಂಡು ಹಲಗೆ ಹತ್ತಿದರೆ ಮಾವ ಕೆಳಗೆ ಇಳಿಸುತ್ತಿದ್ದ. ಮಹಾನವಮಿಗೆ ವಿಭೂತಿ ಹಚ್ಚಿ ಕಾಯಿ ಒಡೆಯುತ್ತೇವೆ. ಹಾಗಾಗಿ ನಾನು ಕುಕ್ಕರಗಾಲಲ್ಲಿ ಕೂತು ಎರಡೂ ಸ್ಕೀ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ಮೊಟ್ಟೆಯ ಮೇಲೆ ಇಡುವಂತೆ ಮೆಲ್ಲಗೆ ಬೂಟು ಇಟ್ಟೆ. ಕಚ್ಚಿಕೊಳ್ಳಲಿಲ್ಲ. ಇನ್ನೊಮ್ಮೆ ಇಟ್ಟೆ. ಇಲ್ಲ.

ಪಂಜಾಬಿನವನು ನಕ್ಕ. ಉಸ್ತಾದ್ ಬಂದು ಏನು ಸಮಸ್ಯೆ ಎಂದು ಕೇಳಿದರು. ಇದ್ದದ್ದು ಹೇಳಿದೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೂ ಸ್ಕೀಯನ್ನೂ ನೋಡಿ, “ಕೈ ಮುಗಿದಾಯಿತಲ್ಲ? ಸರಿ. ಈಗ ತುಳಿ,” ಎಂದರು.

ತುಳಿದೆ. ಟಕ್ ಅಂದಿತು. ಅದಾದ ಮೇಲೂ ದಿನಾ ಮೊದಲು ಮುಟ್ಟಿ, ಆಮೇಲೆಯೇ ತುಳಿದೆ. ಕೊನೆಯ ವಾರದಲ್ಲಿ ಪಂಜಾಬಿನವನೂ ಮುಟ್ಟಿ ತುಳಿಯುತ್ತಿದ್ದ. ಅವನ ಕಾರಣ ಬೇರೆ. ನಾಲ್ಕನೆಯ ದಿನ ಬಿದ್ದು ಅವನ ತುಟಿ ಒಡೆದಿತ್ತು.

ಆ ಇಳಿಜಾರಿನಲ್ಲಿ ಮೇಲೆ ಒಯ್ಯುವ ಯಂತ್ರ ಇರಲಿಲ್ಲ. ಜಾರಬೇಕು ಅಂದರೆ ಮೊದಲು ಹತ್ತಬೇಕು. ಗುಡ್ಡಕ್ಕೆ ಅಡ್ಡಲಾಗಿ ನಿಂತು, ಮೇಲಿನ ಕಾಲು ಊರಿ, ಅದು ಗಟ್ಟಿಯಾದ ಮೇಲೆ ಕೆಳಗಿನ ಕಾಲು ಎತ್ತಿ ಅದರ ಪಕ್ಕಕ್ಕೆ ತರಬೇಕು. ಇದು ನನಗೆ ಹೊಸದಲ್ಲ. ಇಬ್ಬನಿ ಬಿದ್ದು ಹಲಗೆ ಒದ್ದೆಯಾದ ದಿನ ನಾವು ಹಾಗೆಯೇ ಹತ್ತುವುದು, ಅದೂ ಬೆನ್ನ ಮೇಲೆ ಹತ್ತಿಕಾಳಿನ ಚೀಲ ಇಟ್ಟುಕೊಂಡು. ಉಳಿದವರು ಒಮ್ಮೆ ಹತ್ತಿ ಏದುಸಿರು ಬಿಡುವಷ್ಟರಲ್ಲಿ ನಾನು ಎರಡು ಸಲ ಹತ್ತಿರುತ್ತಿದ್ದೆ.

“ನೀನು ಗುಡ್ಡದವನಾ?” ಎಂದು ಉಸ್ತಾದ್ ಕೇಳಿದರು.

“ಅಲ್ಲ ಸಾಹೇಬ, ಹಮಾಲ.”

ಹೆಮ್ಮೆಯಿಂದಲೇ ಹೇಳಿದೆ. ಆ ಹೆಮ್ಮೆ ಮೇಲಿನ ತುದಿ ಮುಟ್ಟುವವರೆಗೆ ಮಾತ್ರ. ಇಳಿಯಲು ತಿರುಗಿದರೆ ಬೀಳುತ್ತಿದ್ದೆ. ಹೊರಟೆ, ಬಿದ್ದೆ. ಎದ್ದೆ, ಹೊರಟೆ, ಬಿದ್ದೆ. ಬೇರೆಯವರೂ ಬೀಳುತ್ತಿದ್ದರು, ಆದರೆ ಅವರದ್ದು ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ನನ್ನದು ಹಾಗೇ ಉಳಿಯಿತು. ಉಸ್ತಾದ್ ಕೆಳಗಿನಿಂದ ಕೂಗುತ್ತಿದ್ದರು: ಮುಂದೆ ಬಾಗು, ಕಣಕಾಲಿನಿಂದ ಬೂಟಿನ ಮುಂಭಾಗ ಒತ್ತು, ಗುಡ್ಡದ ಕೆಳಕ್ಕೆ ಮೈ ಕೊಡು. ಹೂಂ ಅನ್ನುತ್ತಿದ್ದೆ. ಹೊರಟ ಕೂಡಲೇ ಮೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಸ್ಕೀಯ ಮೂತಿ ಮೇಲೇಳುತ್ತಿತ್ತು. ಆಮೇಲೆ ಅವು ನನ್ನ ಮಾತು ಕೇಳುತ್ತಿರಲಿಲ್ಲ.

ಐದನೆಯ ದಿನ ಸಂಜೆ ಉಸ್ತಾದ್ ನನ್ನನ್ನು ಬದಿಗೆ ಕರೆದರು. ಮೆತ್ತಗೆ ಮಾತಾಡುವ ಮನುಷ್ಯ. “ಹತ್ತುವುದರಲ್ಲಿ ಇಪ್ಪತ್ತರಲ್ಲಿ ನೀನೇ ಮೊದಲು. ಇಳಿಯುವುದರಲ್ಲಿ ಕೊನೆ. ಪರೀಕ್ಷೆ ಇಳಿಯುವುದರದ್ದು. ಹೀಗೇ ಆದರೆ ಬಂದಿದ್ದ ಎಂದು ಚೀಟಿ ಕೊಡುತ್ತೇನೆ, ಗ್ರೇಡ್ ಹಾಕಲಾರೆ,” ಎಂದರು.

ಚಹಾದಂಗಡಿಯ ಪಕ್ಕದಲ್ಲಿ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ನಿಂತು ಅಪ್ಪನಿಗೆ ಫೋನ್ ಮಾಡಿದೆ. ಚೀಲ ಹೊಲಿಯುತ್ತ ಕೂತಿದ್ದನೇನೋ, ಹಿಂದೆ ಲಾರಿಯ ಸದ್ದು.

“ಬೀಳಾಕತ್ತೇನಪಾ.”

“ಹೆಂಗ ಬೀಳ್ತಿ? ಬೋರಲೋ, ಅಂಗಾತೋ?”

“ಅಂಗಾತ. ದಿನಾ ಅಂಗಾತನ.”

ಅಪ್ಪ ನಕ್ಕ ಸದ್ದು. “ಅದು ನಿಮ್ಮ ಮಾವನ ಬಡಿಗಿ ನೋಡು. ಇನ್ನೂ ನಿನ್ನ ಬೆನ್ನಾಗ ಐತಿ.”

ತಕ್ಷಣ ಅರ್ಥವಾಯಿತು. ಹೊರೆ ಹೊತ್ತು ಹಲಗೆಯಿಂದ ಇಳಿಯುವಾಗ ನಾವು ಮೈಯನ್ನು ಹಿಂದಕ್ಕೆ ಒಗೆದು ಹಿಮ್ಮಡಿ ಊರಿ ಇಳಿಯುತ್ತೇವೆ. ಹಲಗೆಗೆ ಅಡ್ಡಪಟ್ಟಿ ಬಡಿದಿರುತ್ತಾರೆ, ಬರಿಗಾಲಿನ ಹಿಮ್ಮಡಿ ಅದಕ್ಕೆ ಸಿಕ್ಕಿ ನಿಲ್ಲುತ್ತದೆ. ಮುಂದಕ್ಕೆ ಬಾಗಿದರೆ ಹೆಗಲ ಮೇಲಿನ ಚೀಲ ತಲೆ ಹಾಯ್ದು ಹೋಗುತ್ತದೆ, ನಮ್ಮನ್ನೂ ಒಯ್ಯುತ್ತದೆ. ನಾನು ಮೊದಲ ಸೂಟಿಯಲ್ಲಿ ಮುಂದಕ್ಕೆ ಬಾಗಿ ಇಳಿದಾಗ ಮಾವ ಹಿಂದಿನಿಂದ ಬಡಿಗೆಯಿಂದ ಸೊಂಟಕ್ಕೆ ಒಂದು ಬಿಟ್ಟಿದ್ದ. “ಹಿಂದಕ್ಕ ಬಾರಲೇ! ಮುಂದ ಹ್ವಾದ್ರ ಹೋದಿ!” ಐದು ವರ್ಷದ ಸೂಟಿಗಳಲ್ಲಿ ಆ ಮಾತು ಎಲುಬಿಗೆ ಇಳಿದಿತ್ತು. ಊರಲ್ಲಿ ನನ್ನ ಜೀವ ಉಳಿಸಿದ್ದೇ ಇಲ್ಲಿ ನನ್ನನ್ನು ಕೆಡವುತ್ತಿತ್ತು.

“ಮತ್ತ ಈಗ ಏನ್ ಮಾಡ್ಲೆಪಾ?”

“ನನಗೇನ್ ಗೊತ್ತೋ? ನಾ ಎಂದಾದ್ರೂ ಬರಫ ತುಳದೇನೇನು? ಊಟ ಛಲೋ ಮಾಡು. ನಿಮ್ಮವ್ವ ಕೌದಿ ಹೊತಗೊಂತಾನೋ ಇಲ್ಲೋ ಕೇಳು ಅಂತಾಳ.”

“ಹೊತಗೋತೇನಿ ಅಂತ ಹೇಳು.”

ಖರೆ ಹೇಳುತ್ತೇನೆ, ಅವರು ಕೊಟ್ಟ ಮಲಗುವ ಚೀಲದ ಮೇಲೆ ಕೌದಿ ಹಾಕಿಕೊಂಡೇ ನಿದ್ದೆ ಬರುತ್ತಿತ್ತು. ಅದರಲ್ಲಿ ನಮ್ಮ ಮನೆಯ ಅಟ್ಟದ ವಾಸನೆ ಇತ್ತು.

ಮರುದಿನ ವಾರದ ರಜೆ. ಕೆಲವರು ಬಸ್ಸು ಹಿಡಿದು ಶಿಮ್ಲಾಕ್ಕೆ ಇಳಿದರು. ನಾನೂ ಹೋದೆ, ಮಾವ ಹೇಳಿದ್ದನ್ನಾದರೂ ಮಾಡಿ ಮುಗಿಸೋಣ ಎಂದು. ಬರಿಗೈಲಿ ಹೋಗುವುದೇ ಖಾತ್ರಿಯಾದರೆ ಹಮಾಲರ ಸುದ್ದಿಯಾದರೂ ಒಯ್ಯಬೇಕಲ್ಲ.

ಹುಡುಕಬೇಕಾಗಲಿಲ್ಲ. ಆ ಊರಿನ ಮೇಲಿನ ಬೀದಿಗಳಿಗೆ ವಾಹನ ಬಿಡುವುದಿಲ್ಲ. ಅಕ್ಕಿ, ಗ್ಯಾಸ್ ಸಿಲಿಂಡರು, ಕಪಾಟು, ಫ್ರಿಜ್ಜು, ಏನೇ ಬಂದರೂ ಮನುಷ್ಯನ ಬೆನ್ನ ಮೇಲೆಯೇ ಬರಬೇಕು. ಒಬ್ಬನೇ ಮನುಷ್ಯ ಒಂದು ಕಬ್ಬಿಣದ ಕಪಾಟನ್ನು ಹಗ್ಗದಿಂದ ಬೆನ್ನಿಗೆ ಬಿಗಿದುಕೊಂಡು ಮೆಟ್ಟಿಲು ಹತ್ತುವುದನ್ನು ನೋಡಿ ನಾನು ನಿಂತಲ್ಲೇ ನಿಂತೆ. ಮಂತ್ರಿಗಳ ಊರು, ಆದರೆ ಅದನ್ನು ಹೊತ್ತವರು ನಮ್ಮವರೇ.

ಮೆಟ್ಟಿಲಿನ ಬದಿಯಲ್ಲಿ ಹಗ್ಗ ಸುತ್ತಿಕೊಂಡು ಕೂತಿದ್ದ ಒಬ್ಬ ಹಿರಿಯನ ಹತ್ತಿರ ಹೋಗಿ ನಾನೂ ಹಮಾಲ ಅಂದೆ. ತರಬೇತಿಯವರು ಕೊಟ್ಟ ಕೆಂಪು ಜಾಕೀಟು ಹಾಕಿಕೊಂಡಿದ್ದೆ. ಆತ ಮೇಲಿಂದ ಕೆಳಗೆ ನೋಡಿ ನಕ್ಕ. ಆಮೇಲೆ, “ಕುತ್ತಿಗೆ ತೋರಿಸು,” ಅಂದ.

ಜಾಕೀಟಿನ ಕಾಲರು ಸರಿಸಿ ಬಗ್ಗಿದೆ. ಕುತ್ತಿಗೆಯ ಹಿಂದೆ, ಹೆಗಲು ಶುರುವಾಗುವಲ್ಲಿ, ಚೀಲ ಕೂತು ಕೂತು ಗಟ್ಟಿಯಾದ ಚರ್ಮ. ಆತ ಹೆಬ್ಬೆರಳಿನಿಂದ ಒತ್ತಿ ನೋಡಿದ. “ಹೌದು,” ಅಂದ. ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿದ. ನನ್ನ ಪದವಿ ಪತ್ರವನ್ನು ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಆತನಿಗೆ ಕೆಲಸ ಬಂತು. ಎರಡು ಅಕ್ಕಿ ಚೀಲ, ಮೇಲಿನ ಬೀದಿಯ ಗೋದಾಮಿನಿಂದ ಕೆಳಗಿನ ಬಜಾರಿಗೆ. ಒಂದು ನಾನು ತರುತ್ತೇನೆ ಅಂದೆ. ಆತ ಬೇಡ ಅನ್ನಲಿಲ್ಲ. ಚೀಲವನ್ನು ಹೆಗಲಿಗಲ್ಲ, ಸೊಂಟದ ಮೇಲೆ ಕೂರುವಂತೆ ಬೆನ್ನಿಗೆ ಹಗ್ಗದಲ್ಲಿ ಬಿಗಿದ. ಮೆಟ್ಟಿಲ ಮೇಲೆ ತೆಳುವಾಗಿ ಹಿಮ ಹೆಪ್ಪುಗಟ್ಟಿತ್ತು. ಮೊದಲ ಮೆಟ್ಟಿಲಿಗೇ ರೂಢಿಯಂತೆ ಮೈ ಹಿಂದಕ್ಕೆ ಒಗೆದು ಹಿಮ್ಮಡಿ ಊರಿದೆ. ಹಿಮ್ಮಡಿ ಸರ್ರನೆ ಹೋಯಿತು. ಆತ ಹಿಂದಿನಿಂದ ಚೀಲದ ಹಗ್ಗ ಹಿಡಿದು ನಿಲ್ಲಿಸದಿದ್ದರೆ ನಾನೂ ಅಕ್ಕಿಯೂ ಬಜಾರಿಗೆ ಬೇಗ ತಲುಪುತ್ತಿದ್ದೆವು.

ಆತ ಬಯ್ಯಲಿಲ್ಲ. ಎಡವಿದ ಮಗುವಿಗೆ ಹೇಳುವಂತೆ ಹೇಳಿದ. ಇಲ್ಲಿ ಹಿಮ್ಮಡಿಗೆ ಕೆಲಸವಿಲ್ಲ ಮಗಾ. ಅದಕ್ಕೆ ಹಿಡಿಯಲು ಇಲ್ಲಿ ಏನೂ ಇಲ್ಲ. ಮೊಳಕಾಲು ಮಡಿಚು, ಮುಂಗಾಲಿಗೆ ಭಾರ ಕೊಡು. ಮೆಟ್ಟಿಲು ನೋಡಬೇಡ, ಕೆಳಗೆ ಆ ಹಸಿರು ಬಾಗಿಲಿನ ಅಂಗಡಿ ಇದೆಯಲ್ಲ, ಅದನ್ನು ನೋಡು.

ಉಸ್ತಾದ್ ಐದು ದಿನ ಹೇಳಿದ್ದೂ ಅದೇ. ಆದರೆ ಅವರು ಹೇಳುವಾಗ ನನ್ನ ಬೆನ್ನ ಮೇಲೆ ಏನೂ ಇರಲಿಲ್ಲ. ಬೆನ್ನ ಮೇಲೆ ಭಾರ ಇಲ್ಲದೆ ನನ್ನ ಮೈಗೆ ಯಾವ ಮಾತೂ ತಿಳಿಯುತ್ತಿರಲಿಲ್ಲವೇನೋ. ಆ ಅಕ್ಕಿಚೀಲ ಹೊತ್ತು ಮುಂದಕ್ಕೆ ಬಾಗಿ, ಹಸಿರು ಬಾಗಿಲು ನೋಡುತ್ತ ಇಳಿದೆ. ಬೀಳಲಿಲ್ಲ. ಬಾಗಿಲ ಹತ್ತಿರ ಇಳಿಸಿದಾಗ ಅಂಗಡಿಯವನು ಈ ಕೆಂಪು ಜಾಕೀಟಿನವನು ಯಾರು ಎಂದು ಕೇಳಿದ. ನಮ್ಮವನೇ, ದೂರದಿಂದ ಬಂದಿದ್ದಾನೆ ಅಂದ ಆತ. ಚಹಾ ಕೊಡಿಸಿದ. ನನಗೆ ದುಡ್ಡು ಕೊಡಲು ಬಿಡಲಿಲ್ಲ.

ಒಂದು ಚೀಲ ಇಳಿಸಿದ್ದಕ್ಕೆ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಮರುದಿನ ಮತ್ತೆ ಬಿದ್ದೆ. ಆದರೆ ಅಂದು ಮೊದಲ ಸಲ ಬೋರಲು ಬಿದ್ದೆ. ಬಾಯಿಯಲ್ಲಿ ಹಿಮ, ಮೂಗಿನಲ್ಲಿ ಹಿಮ. ಉಸ್ತಾದ್ ಕೆಳಗಿನಿಂದ ಚಪ್ಪಾಳೆ ತಟ್ಟಿದರು. ಬಿದ್ದವನಿಗೆ ಚಪ್ಪಾಳೆ ಯಾಕೆ ಎಂದು ಉಳಿದವರಿಗೆ ತಿಳಿಯಲಿಲ್ಲ. ನಮ್ಮಿಬ್ಬರಿಗೆ ತಿಳಿಯಿತು.

ಆ ಮೇಲಿನ ದಿನಗಳು ಒಂದರೊಳಗೊಂದು ಸೇರಿ ನೆನಪಿನಲ್ಲಿವೆ. ಮುಂಜಾನೆ ಗಟ್ಟಿ ಹಿಮದ ಮೇಲೆ ಸ್ಕೀ ಕೊರೆಯುವ ಕರಕರ ಸದ್ದು. ಮಧ್ಯಾಹ್ನ ಬಿಸಿಲಿಗೆ ದೇವದಾರು ಕೊಂಬೆಗಳಿಂದ ದೊಪ್ಪನೆ ಬೀಳುವ ಹಿಮ. ಇಳಿಜಾರಿನ ಕೆಳಗಿನ ಮನೆಯ ಅಜ್ಜಿಯೊಬ್ಬಳು ನಾನು ಬಿದ್ದಾಗಲೆಲ್ಲ ಮಾಳಿಗೆಯಿಂದ ಲೊಚಗುಟ್ಟುತ್ತಿದ್ದಳು. ಒಂದು ದಿನ ಒಳಗೆ ಕರೆದು ಒಲೆಯ ಮುಂದೆ ಕೂರಿಸಿ ಉಪ್ಪು ಹಾಕಿದ ಚಹಾ ಕೊಟ್ಟಳು. ಅವಳ ಮಾತು ನನಗೆ ತಿಳಿಯಲಿಲ್ಲ, ನನ್ನದು ಅವಳಿಗೆ. ಕೊನೆಯ ಎರಡು ಖಡಕ್ ರೊಟ್ಟಿ ಕೊಟ್ಟೆ. ಮುರಿದು, ಸದ್ದು ಕೇಳಿ, ಬಾಯಿ ತೆರೆದು ಹಲ್ಲಿಲ್ಲದ ಒಸಡು ತೋರಿಸಿ ನಕ್ಕಳು. ಚಹಾದಲ್ಲಿ ಅದ್ದಿ ತಿಂದಳು.

ಈಗ ಧಾರವಾಡದ ಹತ್ತಿರದ ಹೈಸ್ಕೂಲಿನ ಮೈದಾನದಲ್ಲಿ ಸೀಟಿ ಹಿಡಿದು ನಿಂತಾಗ ಒಮ್ಮೊಮ್ಮೆ ಆ ಸದ್ದುಗಳು ಕಿವಿಗೆ ಬರುತ್ತವೆ. ಹತ್ತು ವರ್ಷಕ್ಕಿಂತ ಹೆಚ್ಚಾಯಿತು. ಮತ್ತೆ ಹೋಗಲು ಆಗಲಿಲ್ಲ. ಆ ಅಜ್ಜಿ ಇದ್ದಾಳೋ ಇಲ್ಲವೋ. ಆ ಹಿರಿಯ ಹಮಾಲನ ಬೆನ್ನಿಗೆ ಈಗಲಾದರೂ ವಿಶ್ರಾಂತಿ ಸಿಕ್ಕಿತೋ ಇಲ್ಲವೋ.

ಪರೀಕ್ಷೆಯ ದಿನ ಮೋಡ ಕವಿದಿತ್ತು. ಮೇಲಿನಿಂದ ಕೆಳಗೆ ಆರು ಬಾವುಟ. ಪ್ರತಿ ಬಾವುಟ ಸುತ್ತಿ ಇಳಿದು, ಕೊನೆಗೆ ಹಿಮದ ಮೇಲೆ ಎಳೆದ ಕೆಂಪು ಹಗ್ಗ ದಾಟದೆ ನಿಲ್ಲಬೇಕು. ಎರಡು ಅವಕಾಶ. ಮೊದಲನೆಯದರಲ್ಲಿ ಮೂರನೆಯ ಬಾವುಟದ ಹತ್ತಿರ ಮಾವನ ಬಡಿಗೆ ನೆನಪಾಯಿತು. ಅಂಗಾತ ಬಿದ್ದು ಬಾವುಟವನ್ನೂ ಕರೆದುಕೊಂಡು ಕೆಳಗೆ ಹೋದೆ.

ಮತ್ತೆ ಅಡ್ಡಡ್ಡ ಹತ್ತಿದೆ. ಮೇಲೆ ನಿಂತು ಬಗ್ಗಿ ಸ್ಕೀ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಕೆಳಗೆ ಹಸಿರು ಬಾಗಿಲು ಎಲ್ಲಿಂದ ಬರಬೇಕು? ಅಜ್ಜಿಯ ಮನೆಯ ಹೊಗೆ ಕಾಣುತ್ತಿತ್ತು. ಅದನ್ನೇ ನೋಡಿದೆ. ಬೆನ್ನ ಮೇಲೆ ಅಕ್ಕಿಚೀಲ ಇದೆ ಅಂದುಕೊಂಡೆ. ಮೈಯನ್ನು ಗುಡ್ಡದ ಕೆಳಕ್ಕೆ ಕೊಟ್ಟೆ.

ಒಂದು, ಎರಡು, ಮೂರು. ನಾಲ್ಕರಲ್ಲಿ ಒಂದು ಕಾಲು ಎದ್ದಿತು, ಮತ್ತೆ ಕೂತಿತು. ಐದು. ಆರು. ಸ್ಕೀಗಳ ಮೂತಿ ಕೂಡಿಸಿ, ಬಾಲ ಅಗಲಿಸಿ, ಮೊಳಕಾಲು ಮಡಿಚಿ ಒತ್ತಿದೆ. ಹಿಮ ಎರಡೂ ಕಡೆ ರಾಶಿ ಬಿತ್ತು. ನಿಂತಾಗ ನೋಡಿದರೆ ಹಗ್ಗ ಇನ್ನೂ ಒಂದು ಗೇಣು ಮುಂದಿತ್ತು. ಪಂಜಾಬಿನವನು ಓಡಿ ಬಂದು ಅಪ್ಪಿಕೊಂಡ. ಇಬ್ಬರೂ ಬಿದ್ದೆವು.

ಮರುದಿನ ಕಾಗದ ಕೊಟ್ಟರು. ಗ್ರೇಡ್ ಬಿ. ಕೈಗಿಡುವಾಗ ಉಸ್ತಾದ್ ನನ್ನ ಕುತ್ತಿಗೆಯ ಹಿಂದೆ ಮೆಲ್ಲಗೆ ತಟ್ಟಿದರು.

ಊರಿಗೆ ಬಂದಾಗ ಶಿವರಾತ್ರಿಗೆ ಎರಡು ದಿನ ಉಳಿದಿತ್ತು. ಮನೆಗೆ ಹೋಗದೆ ಸ್ಟೇಷನ್ನಿನಿಂದ ನೇರ ಮಾರುಕಟ್ಟೆಗೆ ಆಟೋ ಹಿಡಿದೆ. ಚಹಾದ ಹೊತ್ತು. ಟೋಳಿ ಚೀಲಗಳ ಮೇಲೆ ಕೂತಿತ್ತು. ಅಪ್ಪ ಸೂಜಿ ಹಿಡಿದು ಒಂದು ಬದಿಗೆ ಕೂತಿದ್ದ. ನನ್ನನ್ನು ನೋಡಿ ಸೂಜಿಯನ್ನು ಚೀಲಕ್ಕೆ ಚುಚ್ಚಿ ಇಟ್ಟ.

“ಬಂದ್ಯಾ? ಕೈಕಾಲು ಎಲ್ಲಾ ಅದಾವೇನು?” ಎಂದ ಮಾವ. “ಮೊದಲ ಇದನ್ನ ಹೇಳು. ಅಲ್ಲೆ ಹಮಾಲರು ಅದಾರೇನು?”

“ಅದಾರ ಮಾವ. ಕಪಾಟು ಹೊರ್ತಾರ. ಒಬ್ಬನ.”

“ಸುಳ್ಳ ಹೇಳಬ್ಯಾಡ.”

ಕೌದಿಯ ಗಂಟನ್ನು ಹಗ್ಗದಿಂದ ಸೊಂಟದ ಮೇಲೆ ಬಿಗಿದುಕೊಂಡು ತೋರಿಸಿದೆ. ಮೊಳಕಾಲು ಮಡಿಚಿ, ಮುಂದಕ್ಕೆ ಬಾಗಿ. ಟೋಳಿಯವರೆಲ್ಲ ಎದ್ದು ಬಂದರು. ಮಾವ ಗಂಟು ತನ್ನ ಬೆನ್ನಿಗೆ ಕಟ್ಟಿಸಿಕೊಂಡು ಹಲಗೆ ಹತ್ತಿ ಮುಂದಕ್ಕೆ ಬಾಗಿ ಇಳಿಯಲು ನೋಡಿದ. ಎರಡು ಹೆಜ್ಜೆಗೆ ಮೈ ತಾನಾಗಿ ಹಿಂದಕ್ಕೆ ಹೋಯಿತು. “ಥೂ ಇದರ!” ಅಂದ. ಅಪ್ಪ ಕೂತಲ್ಲಿಂದಲೇ ಹೇಳಿದ: “ಬಡಿಗಿ ಕೊಡ್ಲೇನು ಇವನ ಕೈಯಾಗ?” ಎಲ್ಲರೂ ನಕ್ಕರು. ಮಾವನೂ ನಕ್ಕ.

ಆಮೇಲೆ ಕೆಳಗಿಳಿದು ಹೆಗಲ ಮೇಲಿನ ವಲ್ಲಿಯಿಂದ ಎರಡೂ ಕೈ ಒರೆಸಿಕೊಂಡ. “ಎಲ್ಲೆ ಐತಿ ಆ ಕಾಗದ?”

ಕೊಟ್ಟೆ. ಅಂಚು ಹಿಡಿದು ದೂರ ಇಟ್ಟುಕೊಂಡು ನೋಡಿದ. ಕನ್ನಡ ಓದುತ್ತಾನೆ, ಇದು ಇಂಗ್ಲಿಷು, ಹಿಂದಿ. ನಾನೇ ಓದಿ ಹೇಳಿದೆ. ಹೆಸರು, ತರಬೇತಿ, ಗ್ರೇಡ್.

“ಎಷ್ಟ ಸಲ ಬಿದ್ದಿ?”

“ಎಣಿಸಿಲ್ಲ ಮಾವ.”

“ಅದನ್ನ ಇದರಾಗ ಬರದಾರೇನು?”

“ಇಲ್ಲ.”

“ಛಲೋ ಮಂದಿ ಬಿಡು. ನಾ ಆಗಿದ್ರ ಬರೀತಿದ್ದೆ.”

ಕಾಗದವನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಮಾವ ಜೇಬಿನಿಂದ ಬಿಲ್ಲೆ ತೆಗೆದು ಹೆಬ್ಬೆರಳಿನಿಂದ ನಂಬರು ಒರೆಸಿ, ನನ್ನ ಮುಖ ನೋಡದೆ ಹೇಳಿದ: “ಇದನ್ನ ನಾಳೆ ಸಂಘಕ್ಕ ಕೊಟ್ಟ ಬರ್ತೇನಿ. ಇನ್ನ ನೀ ಕಾಲಿಗೆ ಬಿದ್ದು ಕೇಳಿದ್ರೂ ಕೊಡೂದಿಲ್ಲ. ತಿಳೀತಿಲ್ಲೋ, ಮಾಸ್ತರ?”